ಸಪ್ಪ ಎನ್ನುವ ದಾದಾಸಾಹೇಬ

ದಾದಾಸಾಹೇಬ ಚೌಗಲಾ ನಡೆಯುವಾಗ ಮೊದಲು ಹಿಮ್ಮಡಿ ಊರುತ್ತಿದ್ದ, ಊರಿ ಒಂದು ಕ್ಷಣ ಒತ್ತಿ ನೋಡುತ್ತಿದ್ದ, ಕೆಳಗಿನದು ಅಲುಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂಗಾಲು ಇಳಿಸುತ್ತಿದ್ದ. ಬಸ್ಸು ಹಿಡಿಯುವ ಅವಸರದಲ್ಲೂ ಹೀಗೆಯೇ, ಬಸದಿಯ ನುಣುಪು ನೆಲದ ಮೇಲೂ ಹೀಗೆಯೇ, ಸ್ವಂತ ಮಗಳ ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನವರು ಹಿಂದಿನಿಂದ ನೂಕುತ್ತಿದ್ದಾಗಲೂ ಹೀಗೆಯೇ. ಬೆನ್ನ ಹಿಂದಿನಿಂದ ನೋಡಿದರೆ, ಈ ಮನುಷ್ಯನಿಗೂ ಭೂಮಿಗೂ ಏನೋ ಹಳೆಯ ತಕರಾರು ಇದೆ, ಅದು ಇನ್ನೂ ಇತ್ಯರ್ಥವಾಗಿಲ್ಲ ಅನ್ನಿಸುತ್ತಿತ್ತು.

ಆ ನಡಿಗೆಯ ಮೇಲೊಂದು ಕೋಟು. ತನ್ನ ಮದುವೆಗೆ ಹೊಲಿಸಿದ ಕಂದು ಬಣ್ಣದ ದಪ್ಪ ಕೋಟು. ಅವನ ಹರೆಯದ ಭುಜಕ್ಕೆ ಅಳತೆ ಮಾಡಿದ್ದು, ಇಳಿವಯಸ್ಸಿನ ಭುಜದ ಮೇಲೆ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಕೆಳಗೆ ಧೋತರ, ಮೇಲೆ ಬಿಳಿ ಟೊಪ್ಪಿಗೆ, ಎಡಗಿಸೆಯಲ್ಲಿ ಪುಠಾಣಿ ಮತ್ತು ಬೆಲ್ಲ. ಬೇಸಿಗೆಯ ಉರಿಬಿಸಿಲಲ್ಲೂ ಅದನ್ನು ಬಿಚ್ಚಿದವನಲ್ಲ. ನಾನು ಅವನನ್ನು ಮೊದಲು ಕಂಡದ್ದು ಎಂಬತ್ತೊಂದರ ನಿಪ್ಪಾಣಿ ತಂಬಾಕು ಚಳವಳಿಯಲ್ಲಿ. ಲಾಠಿ ಬೀಸತೊಡಗಿದಾಗ ನಾವೆಲ್ಲ ಧೋತರ ಎತ್ತಿ ಕಟ್ಟಿಕೊಂಡು ಓಟ ಕಿತ್ತರೆ, ಈತ ಹಿಮ್ಮಡಿ ಒತ್ತುತ್ತ ಒತ್ತುತ್ತ ಬಂದ; ಸಹಜವಾಗಿಯೇ ನಮ್ಮೆಲ್ಲರ ಪಾಲಿನ ಏಟುಗಳನ್ನೂ ಅವನೊಬ್ಬನೇ ತಿಂದಿದ್ದ. ಓಡಲಿಕ್ಕೆ ಏನಾಗಿತ್ತು ಎಂದು ಕೇಳಿದೆ.

"ಓಡಿದ್ರ ಕೋಟು ಹರೀತಿತ್ತು," ಅಂದ.

ಕೋಟಿಗೂ ನಡಿಗೆಗೂ ಮೂಲ ಒಂದೇ. ಎಪ್ಪತ್ತೆರಡರ ಬರಗಾಲದಲ್ಲಿ ಸರಕಾರ ರಾಯಬಾಗದ ಕಡೆಯಿಂದ ಅಲಖನೂರಿಗೆ ಬರುವ ಹಾದಿಯ ಮೇಲೆ ಕಾಮಗಾರಿ ತೆಗೆಯಿತು. ಎರೆಮಣ್ಣಿನ ಹಾದಿ ಅದು. ಮಳೆಗಾಲದಲ್ಲಿ ಚಕ್ಕಡಿಯನ್ನು ಅಚ್ಚಿನವರೆಗೆ ನುಂಗುತ್ತಿತ್ತು. ಅದರ ಮೇಲೆ ದಪ್ಪ ದಪ್ಪ ಕರಿಕಲ್ಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಸಂದಿಗೆ ಚಿಪ್ಪುಕಲ್ಲು ಬಡಿದು, ಕಾಲಿನಿಂದ ಒತ್ತಿ ಕೂಡಿಸುವ ಕೆಲಸ. ನಮ್ಮ ಕಡೆ ಇದಕ್ಕೆ ಸೋಲಿಂಗ್ ಅನ್ನುತ್ತಾರೆ. ಹೊಲವಿದ್ದ ಚೌಗಲಾ ಮನೆತನದವ ಕೂಲಿಗೆ ಕಲ್ಲು ಹೊರಲು ಹೋಗುವುದೆಂದರೆ ಆ ಕಾಲಕ್ಕೆ ತಲೆ ತಗ್ಗಿಸುವ ಮಾತು. ದಾದಾಸಾಹೇಬ ಹೋದ, ಆದರೆ ಮದುವೆಯ ಕೋಟು ತೊಟ್ಟುಕೊಂಡು ಹೋದ. ನಗುವವರು ನಕ್ಕರು. ಕಲ್ಲು ಇಟ್ಟು ಹಿಮ್ಮಡಿಯಿಂದ ಒತ್ತಿ ನೋಡುವುದು, ಅಲುಗಿದರೆ ಕಿತ್ತು ಮತ್ತೆ ಇಡುವುದು, ದಿನವಿಡೀ ಇದೇ. ಬರಗಾಲ ಹೋಯಿತು, ನಡಿಗೆ ಉಳಿಯಿತು, ಕೋಟು ಉಳಿಯಿತು. ಅವನ ಪಕ್ಕದಲ್ಲಿ ಕಲ್ಲು ಇಟ್ಟ ಕುರುಬರ ಮಾಳಸಿದ್ದ, ಬುಟ್ಟಿಯಲ್ಲಿ ಚಿಪ್ಪುಕಲ್ಲು ಹೊತ್ತ ಸತ್ತೆವ್ವ, ಇಬ್ಬರೂ ಅವನಿಗೆ ಜೀವಮಾನದ ಸಂಗಾತಿಗಳಾಗಿ ಉಳಿದರು. ಉಳಿಯದೆ ಹೋದದ್ದು ಸರಕಾರದ ನೆನಪೊಂದೇ. ಸೋಲಿಂಗಿನ ಮೇಲೆ ಜಲ್ಲಿಯ ಖಡಿ, ಖಡಿಯ ಮೇಲೆ ಕೆಮ್ಮಣ್ಣಿನ ಮುರುಮು, ಮುರುಮಿನ ಮೇಲೆ ರೋಲರು, ಕಡೆಗೆ ಡಾಂಬರು ಬರಬೇಕಾಗಿತ್ತು. ಮಳೆ ಬಂತು, ಸಾಹೇಬರು ಹೋದರು, ಕಲ್ಲುಗಳು ಹಲ್ಲು ಕಿರಿದುಕೊಂಡು ಆಕಾಶ ನೋಡುತ್ತ ವರ್ಷಗಟ್ಟಲೆ ಬಿದ್ದುಕೊಂಡವು.

ಈ ಹಾದಿಯ ಮೇಲೆಯೇ ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ, ಸೈಕಲ್ ಓಟದ ಶರ್ಯತ್ತು. ಚಿಕ್ಕೋಡಿಯಲ್ಲಿ ನಿಶಾನೆ ಬಿದ್ದು, ರಾಯಬಾಗ ದಾಟಿ, ಕಲ್ಲುಹಾದಿ ಹಾಯ್ದು, ಅಲಖನೂರಿನ ಶಾಲೆಯ ಬಯಲಲ್ಲಿ ಮುಗಿಯುವ ಒಂದೇ ದಿನದ ಆಟ. ಅಥಣಿ, ಕಾಗವಾಡ, ತೆಲಸಂಗ, ಅತ್ತ ಮಿರಜ್, ಎಲ್ಲ ಕಡೆಯಿಂದ ಹುಡುಗರು ಬರುತ್ತಿದ್ದರು. ಅವರಿಗಿಂತ ಹೆಚ್ಚಿಗೆ ನೋಡುವವರು ಬರುತ್ತಿದ್ದರು. ನೋಡುವವರಿಗಿಂತ ಹೆಚ್ಚಿಗೆ, ನೋಡಿದ ಮೇಲೆ ಮಾತಾಡುವವರು. ಕಲ್ಲುಹಾದಿಯ ಬಾಯಿಗೆ ಸತ್ತೆವ್ವನ ಚಹಾದ ಚಪ್ಪರವಿತ್ತು. ಶರ್ಯತ್ತು ಅಲ್ಲಿ ಹಾಯ್ದುಹೋದ ಮೇಲೆ, ಬಯಲಲ್ಲಿ ಹಾರ ಬಿದ್ದ ಮೇಲೆ, ಜನ ಹಿಂದಿರುಗಿ ಆ ಚಪ್ಪರಕ್ಕೇ ಬರುತ್ತಿದ್ದರು. ಯಾಕೆಂದರೆ ಗೆದ್ದವರು ಯಾರೆಂದು ಕಮಿಟಿ ಹೇಳಬಹುದಾಗಿತ್ತೇ ಹೊರತು, ಶರ್ಯತ್ತಿಗೆ ರಂಗು ಬಂತೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗಬೇಕಾಗಿತ್ತು.

ಸತ್ತೆವ್ವ ಎಣ್ಣೆ ಕಾಯಿಸಿ ಮೊದಲು ಮೆಣಸಿನಕಾಯಿ ಭಜಿ ಬಿಡುತ್ತಿದ್ದಳು, ಅದು ದಾದಾಸಾಹೇಬನ ಪಾಲು. ಉಳ್ಳಾಗಡ್ಡಿ ಮುಟ್ಟದ ಜೈನನ ಬಾಯಿಗೆ ಉಳ್ಳಾಗಡ್ಡಿ ಬೆಂದ ಎಣ್ಣೆ ಹೋಗಬಾರದೆಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅದಾದ ಮೇಲೆ ಉಳಿದವರಿಗೆ ಉಳ್ಳಾಗಡ್ಡಿ ಭಜಿ, ಅದರ ಜೊತೆಗೆ ಮಾತು.

"ಏನ ಹೊಡದ್ನೋ ಯಪ್ಪಾ ಕಡೀಕ! ನನ್ನ ಎದಿ ಝಲ್ ಅಂತು," ಎಂದು ಮಾಳಸಿದ್ದ ಶುರುಮಾಡಬೇಕು.

"ನಿನ್ನ ಎದಿ ಕುರಿ ಕೆಮ್ಮಿದ್ರೂ ಝಲ್ ಅಂತೈತಿ, ಸುಮ್ಕ ಕುಂದ್ರು," ಎಂದು ಸತ್ತೆವ್ವ ಜಾಲರಿ ಝಾಡಿಸಬೇಕು.

"ಹೋದ ವರ್ಷಕಿಂತ ಜೋರ ಆತು, ಏನಂತಿ ದಾದಾ?" ಎಂದು ಮತ್ತೊಬ್ಬ ಕೇಳಬೇಕು.

ಆಗ ದಾದಾಸಾಹೇಬ ಭಜಿಯ ತೊಟ್ಟು ಎಸೆದು, ಬಾಯಿ ಒರೆಸಿಕೊಂಡು, "ಖರೆ ಹೇಳ್ಲೇನು?" ಅನ್ನುತ್ತಿದ್ದ. ಅವನ ಎಲ್ಲ ಮಾತುಗಳೂ ಈ ಹೊಸ್ತಿಲು ದಾಟಿಯೇ ಹೊರಗೆ ಬರುತ್ತಿದ್ದವು.

"ಬ್ಯಾಡೋ ಮಾರಾಯಾ," ಮಾಳಸಿದ್ದ ಕೈ ಮುಗಿಯುತ್ತಿದ್ದ. "ವರ್ಷಕ್ಕೊಂದ ದಿನ ಐತಿ. ಇವತ್ತೊಂದ ದಿನ ಸುಳ್ಳರ ಹೇಳು."

"ಸಪ್ಪ."

ವರ್ಷವರ್ಷವೂ ಇದೇ. ಜನ ಕುಣಿದಿರಲಿ, ಟೊಪ್ಪಿಗೆ ಹಾರಿಸಿರಲಿ, ಗೆದ್ದವನನ್ನು ಹೆಗಲ ಮೇಲೆ ಹೊತ್ತಿರಲಿ, ದಾದಾಸಾಹೇಬನ ತೀರ್ಪು ಒಂದೇ ಶಬ್ದದ್ದು: ಉಪ್ಪಿಲ್ಲ, ಖಾರವಿಲ್ಲ, ಸಪ್ಪ. ಕಾರಣ ಕೇಳಿದರೆ ಅದನ್ನೂ ಹೇಳುತ್ತಿದ್ದ: ಸೈಕಲ್ಲಿನವರು ಕಲ್ಲು ಬಂದ ಕೂಡಲೆ ಬಾಜೂದ ಮಣ್ಣಿಗೆ ಇಳಿಯುತ್ತಾರೆ. ಕಲ್ಲುಹಾದಿಯ ಎರಡೂ ಅಂಚಿಗೆ ಜನರು ನಡೆದು ನಡೆದು ಸವೆಸಿದ ಮೆತ್ತಗಿನ ಕಾಲುದಾರಿ ಇತ್ತು. ಶರ್ಯತ್ತಿನವರು ಅದರ ಮೇಲೆ ಒಬ್ಬರ ಹಿಂದೊಬ್ಬರು ಇರುವೆಯ ಸಾಲಿನಂತೆ ಹೋಗಿ ಆ ಕಡೆ ಏಳುತ್ತಿದ್ದರು. ಮುಂದೆ ಇದ್ದವ ಮುಂದೆ, ಹಿಂದೆ ಇದ್ದವ ಹಿಂದೆ. ಇದಕ್ಕೆ ಶರ್ಯತ್ತು ಅನ್ನುವುದಾದರೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ಪಾಳಿ ನಿಲ್ಲುವುದಕ್ಕೂ ಶರ್ಯತ್ತು ಅನ್ನಬೇಕಾಗುತ್ತದೆ ಎಂಬುದು ಅವನ ವಾದ. ತಾವು ಕೈ ಒಡೆದುಕೊಂಡು ಇಟ್ಟ ಕಲ್ಲನ್ನು ಯಾರೂ ಮುಟ್ಟದೆ ಹೋಗುತ್ತಾರಲ್ಲ ಎಂಬ ಕಿಚ್ಚು ಆ ವಾದದೊಳಗೆ ಇತ್ತೇ ಎಂದು ನೀವು ಕೇಳಬಹುದು. ಇತ್ತು. ಅವನೂ ಅದನ್ನು ಮುಚ್ಚಿಡಲಿಲ್ಲ.

ಅವನ ಮಾತೆಲ್ಲ ನಿಜವಾಗುತ್ತಿತ್ತೆಂದು ತಿಳಿಯಬಾರದು. ಮಿರಜಿನವನೊಬ್ಬ ಮೊದಲ ಸಲ ಗೇರಿನ ಸೈಕಲ್ಲು ತಂದಾಗ, ಅದು ರಾಯಬಾಗ ದಾಟುವುದೇ ಇಲ್ಲ ಎಂದು ಇಡೀ ಚಪ್ಪರಕ್ಕೆ ಸಾರಿದ್ದ. ಅದು ಎಲ್ಲರಿಗಿಂತ ಮೊದಲು ಬಯಲು ಮುಟ್ಟಿತು. ಮಾಳಸಿದ್ದ ಇದನ್ನೇ ಹಿಡಿದು ಅಣಕಿಸಿದರೆ, "ಗಾಳಿ ಬೆನ್ನಿಗಿತ್ತೋ" ಅಂದ. ಉಳಿದವರಿಗೂ ಅದೇ ಗಾಳಿಯಲ್ಲವೇ ಎಂದರೆ, "ಅವಗ ಜಾಸ್ತಿ ಇತ್ತು" ಅಂದ. ಸೋಲು ಒಪ್ಪಿಕೊಳ್ಳುವ ವಿದ್ಯೆ ಅವನಿಗೆ ಕೊನೆಯವರೆಗೂ ಹತ್ತಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಕಲ್ಲುಹಾದಿಯ ಮೇಲೆ ಒಂದು ಪ್ರಕರಣ ನಡೆಯಿತು. ಸತ್ತೆವ್ವನ ಮಗಳು ಲಗಮವ್ವ ದಿನ ತುಂಬಿ ಬೇನೆ ತಿನ್ನುತ್ತಿದ್ದಳು. ರಾಯಬಾಗದ ದವಾಖಾನೆಗೆಂದು ಚಕ್ಕಡಿ ಹೂಡಿದರು. ಆ ಕಲ್ಲುಗಳ ಮೇಲೆ ಚಕ್ಕಡಿ ಎತ್ತಿ ಕುಕ್ಕಿ, ಎತ್ತಿ ಕುಕ್ಕಿ, ಅರ್ಧ ಹಾದಿಯಲ್ಲೇ ಹೆರಿಗೆಯಾಯಿತು. ತಾಯಿ ಕೂಸು ಎರಡೂ ಉಳಿದವು, ಆದರೆ ಅದು ಯಾರ ಪುಣ್ಯವೂ ಆಗಿರಲಿಲ್ಲ, ಬರಿಯ ಅದೃಷ್ಟ. ಸತ್ತೆವ್ವ ದಾದಾಸಾಹೇಬನ ಮುಂದೆ ಬಂದು ನಿಂತು, "ದಾದಾ, ನಾವು ಇಟ್ಟ ಕಲ್ಲ ನನ್ನ ಮಗಳ ಜೀವಾ ಹಿಂಡಿದ್ವೋ," ಅಂದಳು. ಅಷ್ಟೇ ಅಂದಳು, ಅತ್ತು ಕರೆಯಲಿಲ್ಲ.

ಮರುವಾರ ನಮ್ಮ ರೈತಸಂಘದ ಸಭೆಯಲ್ಲಿ ಡಾಂಬರಿಗಾಗಿ ರಸ್ತೆ ತಡೆ ಮಾಡುವ ಗೊತ್ತುವಳಿ ತಂದವ ದಾದಾಸಾಹೇಬನೇ. ಅರ್ಜಿ ಕೊಟ್ಟು ಕೊಟ್ಟು ನಮಗೆಲ್ಲ ಬೇಸತ್ತಿತ್ತು. ಮೋಟಾರು ಹಾಯದ ಹಾದಿಯಲ್ಲಿ ಏನು ತಡೆದರೂ ಯಾರಿಗೂ ಕಾಣುವುದಿಲ್ಲ; ಆದ್ದರಿಂದ ಮಂತ್ರಿ ಬರುವ ದಿನವೇ ಆಗಬೇಕು ಎಂದು ಎಲ್ಲರ ಮಾತು. ಮಂತ್ರಿ ಈ ಹಾದಿಗೆ ಬರುವುದು ವರ್ಷಕ್ಕೆ ಒಂದೇ ದಿನ, ಶರ್ಯತ್ತಿನ ದಿನ. ಶರ್ಯತ್ತಿನ ಕಮಿಟಿಯ ಅಧ್ಯಕ್ಷ ಬಾಪುಸಾಹೇಬ, ಆಳುವ ಪಕ್ಷದ ಮನುಷ್ಯ, ಚಿಕ್ಕೋಡಿಯಲ್ಲಿ ನಿಶಾನೆ ಬೀಸಲು ಮತ್ತು ಅಲಖನೂರಿನಲ್ಲಿ ಬಹುಮಾನ ಹಂಚಲು ಮಂತ್ರಿಯನ್ನು ಕರೆಸುತ್ತಿದ್ದ. ಇದು ಹೊಳೆದ ಮೇಲೆ ಸಭೆಯಲ್ಲಿದ್ದವರೆಲ್ಲ ದಾದಾಸಾಹೇಬನ ಮುಖ ನೋಡಿದರು.

"ಶರ್ಯತ್ತು ತಡೀತಿ? ನೀ?" ಮಾಳಸಿದ್ದ ಕೇಳಿದ.

"ಸಂಘದ ಮಾತ ಆತಲಾ. ಕುಂದರೂದ."

"ಸಪ್ಪ ಸಪ್ಪ ಅಂತ ವರ್ಷಾ ಅಂದ್ಯಲ್ಲೋ. ಈ ವರ್ಷ ಅನ್ನಾಕೂ ಇರೂದಿಲ್ಲ ನೋಡು."

ದಾದಾಸಾಹೇಬ ಹಿಮ್ಮಡಿಯಿಂದ ನೆಲ ಒತ್ತಿದ.

ಆ ದಿನ ಮಂತ್ರಿ ರೂಢಿಯಂತೆ ತಡ ಮಾಡಿದ. ನಿಶಾನೆ ಬೀಳುವಾಗಲೇ ಹೊತ್ತು ಇಳಿದಿತ್ತು. ನಾವು ಮಧ್ಯಾಹ್ನದಿಂದಲೂ ಕಲ್ಲುಹಾದಿಯ ಮೇಲೆ ಕುಳಿತಿದ್ದೆವು. ಹಸಿರು ಟವೆಲ್ಲಿನ ಗಂಡಸರು, ಬುತ್ತಿ ಕಟ್ಟಿಕೊಂಡು ಬಂದ ಹೆಂಗಸರು, ಎಲ್ಲರಿಗೂ ಮುಂದೆ ಕೋಟು ತೊಟ್ಟ ದಾದಾಸಾಹೇಬ. ಅವನ ಹೆಂಡತಿ ಚಂದ್ರಮತಿ ಹೆಂಗಸರ ಸಾಲಿನಲ್ಲಿ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸೈಕಲ್ಲಿನವರನ್ನು ಹಿಂದೆ ಹಾಕಿ ಮಂತ್ರಿಯ ಮೋಟಾರು ಮೊದಲು ಬಂತು, ಅದರ ಬೆನ್ನಿಗೆ ಪೊಲೀಸ್ ವ್ಯಾನು, ಅದರ ಹಿಂದೆ ಬಾಪುಸಾಹೇಬ ಮತ್ತು ಶರ್ಯತ್ತಿನ ತೀರ್ಪು ಕೊಡುವ ಪಂಚರಿದ್ದ ಜೀಪು. ಎಲ್ಲವೂ ಕಲ್ಲುಹಾದಿಯ ಬಾಯಲ್ಲಿ ನಿಂತವು. ಘೋಷಣೆ ಎದ್ದಿತು. ಫೌಜದಾರ ಇಳಿದು ಬಂದ, ಬಾಪುಸಾಹೇಬ ಇಳಿದು ಬಂದು ಬೈದ, ಮಂತ್ರಿ ಗಾಜು ಏರಿಸಿಕೊಂಡ. ಈ ಗದ್ದಲದ ನಡುವೆ, ದೂರದಲ್ಲಿ, ಧೂಳಿನೊಳಗಿನಿಂದ ಗಂಟೆಗಳ ಸದ್ದು ಕೇಳಿಬಂತು.

ದಾದಾಸಾಹೇಬ ಎದ್ದು ನಿಂತ. ಅವನ ಮುಖದ ಮೇಲೆ ಏನು ಹಾಯ್ದುಹೋಯಿತೋ ನನಗೆ ಗೊತ್ತಿಲ್ಲ. ಹಿಮ್ಮಡಿ ಮಾತ್ರ ಕಲ್ಲನ್ನು ಒತ್ತುತ್ತಿತ್ತು. ತಿರುಗಿ ನಮಗೆ ಕೂಗಿದ:

"ಮೋಟಾರು ತಡೀತೀವಂತ ಹೇಳೀವಿ. ಸೈಕಲ್ಲು ನಮ್ಮ ಹುಡುಗೂರದು. ಹಾದಿ ಬಿಡ್ರಿ! ಬಾಜೂಕ ಸರೀರಿ, ಎದ್ದು ಹೋಗಬ್ಯಾಡ್ರಿ, ಬಾಜೂಕ ಸರದ ಕುಂದರ್ರಿ!"

ಜನ ಸರಿದರು. ನಡುವಿನ ಕಲ್ಲು ಬಿಟ್ಟು ಎರಡೂ ಅಂಚಿಗೆ ಸರಿದು, ಆ ಮೆತ್ತಗಿನ ಕಾಲುದಾರಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಗೋಡೆ ಕಟ್ಟಿದಂತೆ ಕುಳಿತರು. ಮೋಟಾರಿಗೆ ಸಾಲದ, ಸೈಕಲ್ಲಿಗೆ ಸಾಕಾಗುವ ಓಣಿಯೊಂದು ಕಲ್ಲಿನ ನಟ್ಟನಡುವೆ ತೆರೆಯಿತು. ಬೇಕೆಂದು ಮಾಡಿದ್ದೋ ತಾನಾಗಿ ಆದದ್ದೋ ಎಂದು ಆಮೇಲೆ ಬಹಳ ಚರ್ಚೆಯಾಯಿತು. ತಾನಾಗಿ ಆದದ್ದು; ನಾವು ಅಷ್ಟು ಜಾಣರಲ್ಲ.

ಮುಂದೆ ಮಿರಜಿನ ಗೇರಿನವ, ಅವನ ಹಿಂದೆ ತೆಲಸಂಗದ ಉತ್ತಮ, ಮಡ್ಗಾರ್ಡು ಕಿತ್ತೊಗೆದ ಭಾರದ ಸೈಕಲ್ಲಿನ ಮೇಲೆ. ಉಳಿದವರು ಚದುರಿಕೊಂಡು ಹಿಂದೆ. ಇಬ್ಬರೂ ಮೋಟಾರುಗಳ ಸಂದಿಯಲ್ಲಿ ತೂರಿ ಬಂದು, ರೂಢಿಯಂತೆ ಅಂಚಿಗೆ ಇಳಿಯಲು ನೋಡಿದರು. ಅಂಚಿನ ತುಂಬ ಮನುಷ್ಯರು. ಹಿಂದೆ ಹೋಗುವಂತಿಲ್ಲ, ನಿಲ್ಲುವಂತಿಲ್ಲ. ಕಲ್ಲಿಗೆ ಬಿದ್ದರು.

ಕಬ್ಬಿಣವೂ ಮನುಷ್ಯನೂ ಒಂದೇ ಸಮನೆ ನಡುಗುವುದನ್ನು ನಾನು ಅಂದು ನೋಡಿದೆ. ಹ್ಯಾಂಡಲ್ಲು ಕೈಯಲ್ಲಿ ಹಾವಿನಂತೆ ಹೊರಳುತ್ತಿತ್ತು, ಹಲ್ಲು ಹಲ್ಲಿಗೆ ಬಡಿಯುವ ಸದ್ದು ಕುಳಿತವರ ಕಿವಿಗೆ ಕೇಳಿಸುತ್ತಿತ್ತು. ಮಿರಜಿನವನ ಚೈನು ಕಳಚಿತು. ಅವನು ಕೆಳಗೆ ಹಾರಿದ್ದೇ ತಡ, ಎರಡೂ ಬದಿಯಿಂದ ಕೈಗಳು ಚಾಚಿಕೊಂಡವು.

"ಯಾರೂ ಮುಟ್ಟಬ್ಯಾಡ್ರಿ!" ದಾದಾಸಾಹೇಬ ಅಬ್ಬರಿಸಿದ. "ಅವನ ಶರ್ಯತ್ತು ಅಂವ ಮಾಡ್ಲಿ!"

ಅಷ್ಟರಲ್ಲಿ ಉತ್ತಮ ಕುಪ್ಪಳಿಸುತ್ತ ಮುಂದೆ ಹಾಯ್ದ, ಜಾರಿದ, ಒಂದು ಮೊಣಕಾಲು ಕಲ್ಲಿಗೆ ತರಚಿತು, ಎದ್ದು ಮತ್ತೆ ಹತ್ತಿದ. ಮಿರಜಿನವ ಚೈನು ಏರಿಸಿ ಬೆನ್ನಟ್ಟಿದ. ನಮ್ಮ ಘೋಷಣೆಯವ ಅಭ್ಯಾಸಬಲದಿಂದ "ಬೇಕೇ ಬೇಕು!" ಎಂದು ಕೂಗಿದರೆ, "ಡಾಂಬರು ಬೇಕು" ಅನ್ನಬೇಕಾದ ಜನ ಒಂದೇ ಕೊರಳಿನಿಂದ "ಉತ್ತಮ ಬೇಕು!" ಎಂದು ಕೂಗಿತು. ಸತ್ತೆವ್ವ ಜಾಲರಿ ಹಿಡಿದುಕೊಂಡೇ ಓಡಿ ಬಂದಿದ್ದಳು. ಪೇದೆಗಳು ಲಾಠಿ ಬಗಲಿಗೆ ಸಿಕ್ಕಿಸಿಕೊಂಡು ವ್ಯಾನಿನ ನೆತ್ತಿ ಹತ್ತಿದರು. ಫೌಜದಾರ ಸ್ವತಃ ಮಂತ್ರಿಯ ಮೋಟಾರಿನ ಬಾನೆಟ್ಟಿನ ಮೇಲೆ ಒಂದು ಬೂಟಿಟ್ಟು ಕತ್ತು ಚಾಚಿದ್ದ. ಮಂತ್ರಿಯ ಗಾಜೂ ಇಳಿದಿತ್ತು ಎಂದು ಕೆಲವರು ಹೇಳುತ್ತಾರೆ, ನಾನು ನೋಡಲಿಲ್ಲ. ಕಲ್ಲಿನ ಆ ತುದಿಯಲ್ಲಿ ಗಾಲಿಗೆ ಗಾಲಿ ಹಚ್ಚಿ ಇಬ್ಬರೂ ಹೊರಬಿದ್ದರು, ಧೂಳು ಅವರನ್ನು ಮುಚ್ಚಿತು.

ಬಯಲಲ್ಲಿ ಯಾರು ಗೆದ್ದರು? ಪಂಚರ ಜೀಪು ಈಚೆಯೇ ನಿಂತಿತ್ತು, ನೋಡಿದವರು ಊರಿನವರು ಮಾತ್ರ. ಓಣಿಯುದ್ದಕ್ಕೂ ಸೈಕಲ್ಲುಗಳ ಹಿಂದೆ ಓಡಿ ಬಯಲು ಮುಟ್ಟಿದ್ದ ಮಾಳಸಿದ್ದ ಉತ್ತಮನೆಂದು ಆಣೆ ಹಾಕಿದ, ಅವನ ಪಕ್ಕದಲ್ಲೇ ನಿಂತಿದ್ದ ಊರಿನ ಸತ್ಯಪ್ಪ ಮಿರಜಿನವನೆಂದು ಅದಕ್ಕಿಂತ ದೊಡ್ಡ ಆಣೆ ಹಾಕಿದ. ಮಂತ್ರಿ ಬಂದ ಹಾದಿ ಹಿಡಿದು ಹಿಂದಿರುಗಿದ್ದ. ಬಾಪುಸಾಹೇಬನ ಮಾನ ಹೋಗಿತ್ತು. ಹೋದ ಮಾನಕ್ಕೆ ಅವನು ಒಂದು ದಾರಿ ಹುಡುಕಿದ: ಸಂಘದವರು ಶರ್ಯತ್ತು ಕೆಡಿಸಿದರು, ಹುಡುಗರ ಜೀವಕ್ಕೆ ಅಪಾಯ ತಂದರು, ಕುಳಿತ ಹೆಂಗಸರು ಗಂಡಸರು ಎಲ್ಲರ ಮೇಲೂ ಕೇಸು ಆಗಬೇಕು, ಶರ್ಯತ್ತು ರದ್ದಾಗಬೇಕು ಎಂದು ಫೌಜದಾರನ ಮುಂದೆ ಫಿರ್ಯಾದಿ. ಸತ್ತೆವ್ವನ ಚಪ್ಪರದಲ್ಲೇ ವಿಚಾರಣೆ ನಡೆಯಿತು. ಊರು ಒಕ್ಕೊರಲಿನಿಂದ ಇಂಥ ಶರ್ಯತ್ತು ಹುಟ್ಟಿದ ಮೇಲೆ ನೋಡಿಲ್ಲ ಅನ್ನುತ್ತಿತ್ತು. ಬಾಪುಸಾಹೇಬ ನಕ್ಕ.

"ಇವರ್ನ ಏನ ಕೇಳ್ತೀರಿ ಸಾಹೇಬ್ರ? ಇವರು ಎತ್ತ ಸಗಣಿ ಹಾಕಿದ್ರೂ ಚಪ್ಪಾಳಿ ಹೊಡ್ಯಾವರು. ಈ ದಾದಾನ್ನ ಕೇಳ್ರಿ. ಸಂಘದಾಂವ, ಖರೆ. ಆದ್ರ ಶರ್ಯತ್ತಿನ ಮಾತಿನಾಗ ಒಂದ ಸುಳ್ಳ ಹೇಳಿದ್ದು ಯಾರರ ಕೇಳ್ಯಾರೇನು? ಅಂವ ಏನಂತಾನೋ ಅದು ನನಗ ಕಬೂಲ."

ಮನುಷ್ಯ ದಡ್ಡನಲ್ಲ. ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಒಂದೇ ಶಬ್ದ ಹೊರಬಿದ್ದದ್ದು ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು. ಈಗ ಆ ಶಬ್ದ ಬಿದ್ದರೆ ಹೆಂಗಸರೂ ಸೇರಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಒಂದು ಸುಳ್ಳು ಹೇಳಿದರೆ ಊರು ಉಳಿಯುತ್ತದೆ, ಆದರೆ ಈ ಮನುಷ್ಯ ಹೇಳುವವನಲ್ಲ. ನನ್ನ ಎದೆಯೂ ಅಂದು ಮಾಳಸಿದ್ದನ ಎದೆಯಂತೆ ಝಲ್ ಅಂದಿತು ಅನ್ನಲು ನನಗೆ ನಾಚಿಕೆಯಿಲ್ಲ.

"ಕಲ್ಲ ನೋಡಿ ಬಂದ ಹೇಳ್ತೀನ್ರಿ," ಅಂದ ದಾದಾಸಾಹೇಬ.

ಚಂದ್ರಮತಿ ಗಂಟು ಹಿಡಿದು ಎದ್ದಳು. "ಹೊತ್ತ ಮುಣಗಾಕ ಬಂದೈತ್ರಿ. ಉಂಡ ಹೇಳ್ರಿ, ಏನ ಹೇಳೂದು." ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಅವನ ಬಾಯಿಗೆ ಅಗಳು ಹೋಗುವುದಿಲ್ಲ; ಮದುವೆಯಾದಾಗಿನಿಂದ ಆಕೆ ಸೂರ್ಯನ ಜೊತೆ ಪೈಪೋಟಿ ನಡೆಸಿಯೇ ಅಡಿಗೆ ಮಾಡಿದವಳು.

"ಹೇಳಿ ಉಣ್ತೀನಿ."

"ಹೇಳೂದ್ರಾಗ ಉಣ್ಣೂದ ಹೋಗತೈತಿ, ನನಗ ಗೊತ್ತೈತಿ."

ಅವನು ಹೋದ. ಈ ತುದಿಯಿಂದ ಆ ತುದಿಗೆ, ಹಿಮ್ಮಡಿ ಒತ್ತುತ್ತ, ಕೋಟಿನ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು. ಫೌಜದಾರ ಗಡಿಯಾರ ನೋಡಿದ, ಮತ್ತೊಂದು ಚಹಾ ಕುಡಿದ. ಬರುವಾಗ ದಾದಾಸಾಹೇಬ ಒಂದು ಕಡೆ ನಿಂತ, ಕುಕ್ಕರಗಾಲಿನಲ್ಲಿ ಕುಳಿತ. ಒಂದು ಕಲ್ಲು ಗಾಲಿಗಳ ಹೊಡೆತಕ್ಕೆ ಕಿತ್ತು ಹೊರಬಿದ್ದಿತ್ತು. ಅದನ್ನು ಅದರ ಕುಣಿಗೆ ಇಟ್ಟು, ಚಿಪ್ಪು ಬಡಿದು, ಎದ್ದು ಹಿಮ್ಮಡಿಯಿಂದ ಒತ್ತಿ, ಮತ್ತೊಮ್ಮೆ ಒತ್ತಿ, ಆಮೇಲೆ ಬಂದ. ಸೂರ್ಯ ಅಷ್ಟರಲ್ಲಿ ಕಬ್ಬಿನ ಗರಿಗಳ ಕೆಳಗೆ ಇಳಿದಿದ್ದ.

"ಖರೆ ಹೇಳ್ಲೇನ್ರಿ, ಸಾಹೇಬ್ರ?"

ಮಾಳಸಿದ್ದನ ಬಾಯಿಂದ ಬರಬೇಕಾದ ಮಾತು ಬರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಕುಳಿತಿದ್ದ.

"ಇಷ್ಟ ವರ್ಷ ಇವರು ಮಾಡಿದ್ದು ಶರ್ಯತ್ತ ಅಲ್ರಿ. ಸೊಸಿ ಮಾವನ್ನ ಕಂಡ ಬಾಜೂಕ ಸರದಂಗ ಕಲ್ಲ ಕಂಡ ಸರೀತಿದ್ರು. ಅದಕ ಸಪ್ಪ ಅಂತಿದ್ದೆ. ಇವತ್ತ ಸರಿಯಾಕ ಜಾಗಾ ಇರ್ಲಿಲ್ಲ. ಅಲ್ಲೆ ನಾವು ಕುಂತಿದ್ವಿ. ಮನಿಶಾ ಕಲ್ಲಿನ ಮ್ಯಾಲೆ ಬಂದಾನ್ರಿ ಇವತ್ತ. ಬಿದ್ದಾನ, ಎದ್ದಾನ, ಮತ್ತ ಹೋಗ್ಯಾನ." ಹಿಮ್ಮಡಿ ಒತ್ತಿ ಅಂದ: "ರಂಗ ಬಂತ್ರಿ."

ಮಾಳಸಿದ್ದ ಕಣ್ಣು ಬಿಟ್ಟ.

"ಇನ್ನೊಂದ ಬರಕೋರಿ," ಅವನೇ ಮುಂದುವರಿಸಿದ. "ಮಂತ್ರಿ ಮೋಟಾರು ತಡದಾಂವ ನಾ. ತಡೀಬೇಕಂತನ ತಡದೀನಿ, ಡಾಂಬರು ಹಾಕೂತನಕ ಮತ್ತೂ ತಡೀತೀನಿ. ಅದಕ ಹಿಡೀರಿ ನನ್ನ. ಶರ್ಯತ್ತ ಕೆಡಿಸ್ಯಾರ ಅಂತ ಬರದ್ರ ಮಾತ್ರ ನಾ ಸಹಿ ಮಾಡಾಂವಲ್ಲ."

ಬಾಪುಸಾಹೇಬ ಏನೋ ಹೇಳಹೋದ. ಫೌಜದಾರ ಕೈ ಎತ್ತಿದ. "ಕಬೂಲ ಅಂದ್ರಲ್ರಿ ಈಗ. ಮತ್ತ ನಾನೂ ನೋಡೀನಿ ಬಿಡ್ರಿ, ನನಗೂ ಕಣ್ಣ ಅದಾವ."

ಮೋಟಾರು ತಡೆದ ಕೇಸಿಗೆ ದಾದಾಸಾಹೇಬನ ಜೊತೆ ನಾವೂ ಕೆಲವರು ಹೆಸರು ಬರೆಸಿ ವ್ಯಾನು ಹತ್ತಿದೆವು. ಹೊತ್ತು ಮುಳುಗಿತ್ತು. ಚಂದ್ರಮತಿ ಗಂಟು ಬಿಚ್ಚಿ, ಗಂಡನತ್ತ ನೋಡದೆ, ಮಾಳಸಿದ್ದನ ಕೈಗೆ ರೊಟ್ಟಿ ಇಟ್ಟಳು: "ನೀನರ ತಿನ್ನೋ ಅಣ್ಣಾ. ಇವರ ಹೊಟ್ಟಿ ಇವತ್ತ ಮಾತಿನಾಗ ತುಂಬೇತಿ." ರಾಯಬಾಗ ಮುಟ್ಟುವವರೆಗೆ ವ್ಯಾನಿನಲ್ಲಿ ಗೆದ್ದವರು ಯಾರೆಂಬ ಜಗಳ. ಪೇದೆಯೊಬ್ಬ ಮಿರಜಿನವನ ಪಕ್ಷ ಹಿಡಿದು ಮಾಳಸಿದ್ದನ ರೊಟ್ಟಿಯಲ್ಲಿ ಪಾಲೂ ತೆಗೆದುಕೊಂಡ. ದಾದಾಸಾಹೇಬ ಮಾತ್ರ ಮೂಲೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಕುಳಿತು, ಗೆದ್ದವರ ಗೊಡವೆ ತನಗಿಲ್ಲವೆಂಬಂತೆ, ವ್ಯಾನು ಕುಕ್ಕಿದಾಗಲೆಲ್ಲ ಮುಗುಳುನಗುತ್ತಿದ್ದ. ಅವನು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ.

ಡಾಂಬರು ಬರಲು ಮತ್ತೆ ಕೆಲವು ಧರಣಿಗಳು, ಒಂದು ಚುನಾವಣೆ ಬೇಕಾದವು. ತೊಂಬತ್ತರ ದಶಕ ನಡುವಿಗೆ ಬಂದಾಗ ರೋಲರು ಬಂತು. ಖಡಿ ಸುರಿಯುವ ಮುಂಚೆ ದಾದಾಸಾಹೇಬ ಸೋಲಿಂಗನ್ನು ಕೊನೆಯ ಸಲ ಒತ್ತಿ ನೋಡಿ, "ಹಾಕ್ರಿ, ಬುನಾದಿ ಗಟ್ಟಿ ಐತಿ," ಎಂದು ಗುತ್ತಿಗೆದಾರನಿಗೆ ಅಪ್ಪಣೆ ಕೊಟ್ಟ. ಗುತ್ತಿಗೆದಾರ ಯಾರಪ್ಪ ಈ ಕೋಟಿನವ ಎಂದು ನೋಡಿದ. ಮುಂದಿನ ಸಂಕ್ರಾಂತಿಗೆ ಶರ್ಯತ್ತು ಕಪ್ಪು ರಸ್ತೆಯ ಮೇಲೆ ನಡೆಯಿತು. ಸೈಕಲ್ಲುಗಳು ಹಕ್ಕಿಗಳ ಹಿಂಡಿನಂತೆ ಸುಯ್ಯೆಂದು ಬಂದವು, ಸುಯ್ಯೆಂದು ಹೋದವು. ಬೀಡಿ ಹಚ್ಚಿದವರಿಗೆ ನೋಡಲೂ ಆಗಲಿಲ್ಲ. ಚಪ್ಪರದ ಕೆಳಗೆ ಜನ ಸೇರಿದರು, ಹೊಸ ತಲೆಮಾರಿನವರೂ ಇದ್ದರು. ಮೆಣಸಿನಕಾಯಿ ಭಜಿ ಮೊದಲು ಬೆಂದಿತು.

"ಹೆಂಗಾತ್ರಿ ದಾದಾ?"

"ಖರೆ ಹೇಳ್ಲೇನು?"

"ಬ್ಯಾಡೋ," ಅಂದ ಮಾಳಸಿದ್ದ, ಹಲ್ಲಿಲ್ಲದ ಬಾಯಲ್ಲಿ.

"ಸಪ್ಪ."

ಒಬ್ಬ ಹರೆಯದವ, ಕನಿಕರಪಟ್ಟು, "ಕಲ್ಲ ಇದ್ದಾಗಿನ ಮಜಾ ಹೋತು ಅಲ್ರಿ? ಬ್ಯಾಸರಾತೇನ್ರಿ?" ಅಂದ.

ದಾದಾಸಾಹೇಬ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಅಷ್ಟರಲ್ಲಿ ರಾಯಬಾಗದ ಕಡೆಯಿಂದ ಟೆಂಪೋ ಒಂದು ಬಂತು. ಹಿಂದಿನ ಬಾಕಿನ ಮೇಲೆ ಲಗಮವ್ವ, ಎರಡನೆಯ ಹೆರಿಗೆ ಮುಗಿಸಿ ದವಾಖಾನೆಯಿಂದ ಬರುತ್ತಿದ್ದವಳು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಣು ವಾಲಿಸಿ ನಿದ್ದೆ ಹೋಗಿದ್ದಳು. ಟೆಂಪೋ ನಿಂತದ್ದೂ ಆಕೆಗೆ ಗೊತ್ತಾಗಲಿಲ್ಲ. ಸತ್ತೆವ್ವ ಎಣ್ಣೆ ಬಿಟ್ಟು ಎದ್ದಳು.

"ನೋಡಲ್ಲೆ," ಅಂದ ದಾದಾಸಾಹೇಬ. "ನಿದ್ದಿ ಹತ್ತೇತಿ ಆಕಿಗೆ. ಈ ಹಾದಿ ಸಪ್ಪ ಆಗ್ಲಿ ಅಂತನ ನಾವು ಅವತ್ತ ಕಲ್ಲಿನ ಮ್ಯಾಲೆ ಕುಂತಿದ್ದು, ತಮ್ಮಾ."

ದಾದಾಸಾಹೇಬ ಈಗ ಇಲ್ಲ. ಅವನಂಥವರನ್ನು ನಾನು ಚಳವಳಿಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಕಂಡಿದ್ದೇನೆ. ಅವರ ಫೋಟೋ ಪತ್ರಿಕೆಯಲ್ಲಿ ಬಂದಿರುವುದಿಲ್ಲ, ಅವರ ಭಾಷಣ ಯಾರಿಗೂ ನೆನಪಿರುವುದಿಲ್ಲ, ಯಾಕೆಂದರೆ ಅವರು ಭಾಷಣ ಮಾಡಿರುವುದಿಲ್ಲ. ನೋಡಲು ರಂಗಾಗಿರುವುದು ಬೇರೆ, ಬದುಕಲು ಬೇಕಾದದ್ದು ಬೇರೆ ಎಂಬುದು ಅವರಿಗೆ ಗೊತ್ತಿರುತ್ತದೆ. ರಂಗು ಬಂದ ದಿನ ಅದನ್ನು ಬಾಯಿ ತುಂಬ ಹೇಳಿ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಾರೆ, ಮರುದಿನ ಆ ರಂಗನ್ನೇ ಅಳಿಸಿಹಾಕುವ ಡಾಂಬರಿಗಾಗಿ ಮತ್ತೆ ಧರಣಿ ಕೂರುತ್ತಾರೆ. ಇದರಲ್ಲಿ ಏನಾದರೂ ವಿರೋಧಾಭಾಸವಿದೆ ಎಂದು ಯಾರಾದರೂ ತಿಳಿಯಹೇಳಿದರೆ, ಇವನಿಗೆ ಬೇರೆ ಕೆಲಸವಿಲ್ಲವೇ ಎಂಬಂತೆ ನೋಡುತ್ತಾರೆ. ನಮ್ಮ ನಾಡಿನ ಹಾದಿಗಳ ಕೆಳಗೆ ಇಂಥವರು ಒತ್ತಿ ಕೂಡಿಸಿದ ಕಲ್ಲುಗಳಿವೆ. ಮೇಲೆ ಹೋಗುವವರಿಗೆ ಅವು ಕಾಣುವುದಿಲ್ಲ, ಕುಕ್ಕುವುದೂ ಇಲ್ಲ. ಹಾಗೆ ಕುಕ್ಕದಿರುವುದೇ ಅವು ಅಲ್ಲಿವೆ ಎಂಬುದಕ್ಕೆ ಸಾಕ್ಷಿ.